ಮೊದಲು ಚೆಂಡೆಕೋಲು, ಆಮೇಲೆ ಕೈಕುಲುಕುವುದು

ನಮ್ಮ ಚರಿತ್ರೆ ಮಾಷ್ಟ್ರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹತ್ತನೆಯ ತರಗತಿಯಲ್ಲಿ ಅವರು ಕಲಿಸಿದ ಪಾಠಗಳಲ್ಲಿ ಒಂದನ್ನಾದರೂ ನೆನಪಿಸಿಕೊಳ್ಳಲು ಯತ್ನಿಸಿದೆ. ಪಾಣಿಪತ್ತಿನ ಯುದ್ಧಗಳ ಇಸವಿಗಳು ಕೂಡ ತಲೆಯಲ್ಲಿ ಉಳಿದಿಲ್ಲ. ಉಳಿದಿರುವುದು ಪುಸ್ತಕ ಮುಚ್ಚಿಟ್ಟ ಮೇಲೆ ಅವರು ಹೇಳುತ್ತಿದ್ದ ಕೆಲವು ಕ್ರೈಸ್ತ ವಿದ್ವಾಂಸರ ಸಂಗತಿಗಳು ಮತ್ತು ಒಂದು ವಾರ್ಷಿಕೋತ್ಸವದ ರಾದ್ಧಾಂತ.

ಮಂಗಳೂರಿನ ಹಂಚಿನ ಕಾರ್ಖಾನೆಯ ಕೆಲಸಗಾರರೊಬ್ಬರ ಮೊಮ್ಮಗನಾಗಿದ್ದ ಮಾಷ್ಟ್ರು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಪರಂಪರೆಯ ಮನೆತನದವರು. ಬಿಳಿಯ ಮುಂಡು, ಅರ್ಧ ತೋಳಿನ ಅಂಗಿ, ಕಿಸೆಯ ತುಂಬ ಸೀಮೆಸುಣ್ಣದ ಚೂರುಗಳು. ಬೆರಳಿನಲ್ಲಿ ಹಿಡಿಯಲಾಗದಷ್ಟು ಸವೆಯುವವರೆಗೂ ಅವರು ಒಂದು ಚೂರನ್ನೂ ಎಸೆದವರಲ್ಲ.

ಆ ವರ್ಷ ನಮ್ಮ ಗಡಿನಾಡಿನ ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಡಿವಿಜನ್ನಿನವರಾದ ನಮ್ಮದು ಯಕ್ಷಗಾನ, ಮಲಯಾಳ ಡಿವಿಜನ್ನಿನವರದು ಚಾರಿತ್ರಿಕ ನಾಟಕ. ರಂಗಮಂಟಪ ಯಾರಿಗೆ ಮೊದಲು ಎಂಬ ಜಗಳ ಬೆಳೆದು, ಅಭ್ಯಾಸದ ದಿನ ನಮ್ಮ ಚೆಂಡೆಕೋಲುಗಳು ಮಾಯವಾದವು. ಮರುದಿನ ಅವರ ಅರಸನ ಜರಿ ನಿಲುವಂಗಿಗೆ ನಸುಗುನ್ನಿ ಕಾಯಿಯ ಸುಂಕು ಅಂಟಿಕೊಂಡಿತ್ತು. ಆ ಅರಸ ಸಿಂಹಾಸನದಿಂದ ಜಿಗಿದು, ಕಿರೀಟವನ್ನೂ ಬಿಟ್ಟು, ಮೈ ಪರಚಿಕೊಳ್ಳುತ್ತ ಬಾವಿಕಟ್ಟೆಯ ಕಡೆ ಓಡಿದ ದೃಶ್ಯವನ್ನು ನೆನೆದು ನನಗೆ ಇಂದಿಗೂ ನಗು ಬರುತ್ತದೆ. ಯೋಜನೆ ಯಾರದೆಂದು ಬರೆಯುವುದು ಬೇಡ. ಅದಕ್ಕೆ ಬೇಕಾದ ಬುದ್ಧಿ ಡಿವಿಜನ್ನಿನಲ್ಲಿ ಒಬ್ಬಿಬ್ಬರಿಗಷ್ಟೇ ಇತ್ತು.

ಮಾಷ್ಟ್ರು ಬೆತ್ತ ಹಿಡಿಯಲಿಲ್ಲ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಎದುರಿನವರಿಗೆ ಏನು ಅನ್ಯಾಯವಾಗಿದೆಯೆಂಬುದನ್ನು ಅವರದೇ ಭಾಷೆಯಲ್ಲಿ, ಅವರು “ಹೌದು, ಹೀಗೇ ಆಯಿತು” ಎಂದು ಒಪ್ಪುವವರೆಗೂ ಹೇಳಬೇಕೆಂದು ವಿಧಿಸಿದರು. ನಮ್ಮ ಹರಕು ಮಲಯಾಳ ಕೇಳಿ ಅವರು ನಕ್ಕರು, ಅವರ ಕನ್ನಡ ಕೇಳಿ ನಾವು ನಕ್ಕೆವು. ಆ ನಗುವಿನ ನಡುವೆ ಯಾರೋ ಒಬ್ಬ ಕೈಕುಲುಕಲು ಎದ್ದಾಗ ಮಾಷ್ಟ್ರು ತಡೆದು, “ಮೊದಲು ಚೆಂಡೆಕೋಲು ಬರಲಿ, ನಿಲುವಂಗಿ ಒಗೆದಾಗಲಿ, ಕೈಕುಲುಕುವುದು ಆಮೇಲೆ” ಎಂದರು.

ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಮೊಗ್ಲಿಂಗ್ ಮತ್ತು ಗುಂಡರ್ಟರ ಸಂಗತಿಯನ್ನು ಅವರು ಹೇಳಿದ್ದು ಅದೇ ಸಂಜೆ. ಇಬ್ಬರ ಹೆಸರೂ ಹರ್ಮನ್, ಇಬ್ಬರೂ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದಿದವರು. ಮೊಗ್ಲಿಂಗ್ 1843ರಲ್ಲಿ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರೆ, ಗುಂಡರ್ಟ್ 1847ರಲ್ಲಿ ತಲಶ್ಶೇರಿಯ ಇಲ್ಲಿಕುನ್ನಿನಿಂದ ಮಲಯಾಳ ಪತ್ರಿಕೆ ‘ರಾಜ್ಯಸಮಾಚಾರಂ’ ಹೊರಡಿಸಿದರು. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ ಬಂತು. ಕನ್ನಡಕ್ಕೆ ದುಡಿದ ಮೊಗ್ಲಿಂಗರು ತೀರಿಕೊಂಡ ಮೇಲೆ ಅವರ ಜೀವನಚರಿತ್ರೆಯನ್ನು ಬರೆದವರು ಮಲಯಾಳಕ್ಕೆ ದುಡಿದ ಗುಂಡರ್ಟರೇ. ಆದರೆ ಮಾಷ್ಟ್ರು ಅವರನ್ನು ದೇವರ ಪೀಠದಲ್ಲಿ ಕೂರಿಸಲಿಲ್ಲ. ಅವರು ಬಂದದ್ದು ಮತಾಂತರಕ್ಕೇ ಎಂಬುದನ್ನೂ, 1844ರಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಮಂಗಳೂರು ಹೇಗೆ ಕುದಿಯಿತೆಂಬುದನ್ನೂ ಮುಚ್ಚಿಡದೆ ಹೇಳಿದರು. ತನ್ನವರ ಚರಿತ್ರೆಯನ್ನೇ ಹೀಗೆ ಬಿಚ್ಚಿಡುವ ಅಧ್ಯಾಪಕರನ್ನು ನಾನು ಮುಂದೆ ಕಾಲೇಜಿನಲ್ಲಿಯೂ ಕಾಣಲಿಲ್ಲ.

ಅವರಿಗೆ ಎಲ್ಲರಿಗಿಂತ ಅಚ್ಚುಮೆಚ್ಚಿನವರು ಸ್ಟ್ಯಾನ್ಲಿ ಸಮರ್ಥರು. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ದೇವಶಾಸ್ತ್ರ ಸೆಮಿನರಿಯಲ್ಲಿ ಪಾಠ ಹೇಳಿದ ಇವರು, 1970ರಲ್ಲಿ ಲೆಬನಾನಿನ ಅಜಲ್ತೂನ್‌ನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ ಮತ್ತು ಕ್ರೈಸ್ತರು ಒಟ್ಟಿಗೆ ಕುಳಿತ ಸಮಾಲೋಚನೆಯ ಹಿಂದೆ ನಿಂತವರು. ಮರುವರ್ಷ ಚರ್ಚುಗಳ ಜಾಗತಿಕ ಒಕ್ಕೂಟವು ಅನ್ಯಧರ್ಮೀಯರೊಡನೆ ಸಂವಾದಕ್ಕೆಂದೇ ತೆರೆದ ವಿಭಾಗಕ್ಕೆ ಮೊದಲ ನಿರ್ದೇಶಕರಾದವರು. ನೆರೆಯವನ ನಂಬಿಕೆಯನ್ನು ಅವನ ಬಾಯಿಂದಲೇ ಕೇಳಬೇಕು, ನಾವು ಅವನ ಪರವಾಗಿ ಹೇಳಿಬಿಡಬಾರದು ಎಂಬುದು ಸಮರ್ಥರಿಂದ ತಾನು ಕಲಿತ ಪಾಠವೆಂದು ಮಾಷ್ಟ್ರು ಹೇಳುತ್ತಿದ್ದರು. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮನೆಗಳಿಂದ ಬಂದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಬ್ಯಾಂಕಿನ ಅಧಿಕಾರಿಯಾಗಿ ಊರೂರು ತಿರುಗುತ್ತಿದ್ದಾಗಲೂ ನಮ್ಮ ಪತ್ರವ್ಯವಹಾರ ನಿಲ್ಲಲಿಲ್ಲ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ, ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ನೇಮಕಗೊಂಡ ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಾಮರಸ್ಯ ಆಯೋಗವು 1996ರಲ್ಲಿ ವಿಚಾರಣೆ ಆರಂಭಿಸಿ, ನೊಂದವರು ತಮ್ಮ ತಮ್ಮ ಭಾಷೆಯಲ್ಲೇ ಸಾಕ್ಷ್ಯ ನುಡಿದಾಗ, ಇದು ನಮ್ಮ ಚೆಂಡೆಕೋಲಿನ ಪಂಚಾಯಿತಿಯೇ ಅಲ್ಲವೇ ಎಂದು ಬರೆದಿದ್ದೆ. ಅವರ ಉತ್ತರ ಚುಟುಕಾಗಿತ್ತು: “ನಿಮ್ಮ ಚೆಂಡೆಕೋಲು ಮರಳಿ ಬಂತು. ಅವರ ಮಕ್ಕಳು ಬರುತ್ತಾರೆಯೇ?” ಕ್ರೊಯೇಷಿಯಾದ ದೇವಶಾಸ್ತ್ರಜ್ಞ ಮಿರೊಸ್ಲಾವ್ ವೋಲ್ಫ್ ಅವರನ್ನು ನಾನು ಓದಿದ್ದು ಮಾಷ್ಟ್ರ ಮಾತಿನ ಮೇಲೆ. ತನ್ನ ನಾಡನ್ನು ಸುಟ್ಟ ಸೆರ್ಬ್ ಹೋರಾಟಗಾರನನ್ನು ಅಪ್ಪಿಕೊಳ್ಳಬಲ್ಲೆಯಾ ಎಂದು ಗುರು ಮೋಲ್ಟ್‌ಮನ್ ಕೇಳಿದಾಗ, ಇಲ್ಲ, ಆದರೆ ಕ್ರಿಸ್ತನ ಅನುಯಾಯಿಯಾಗಿ ಅಪ್ಪಿಕೊಳ್ಳಬಲ್ಲವನಾಗಿರಬೇಕಿತ್ತು ಎಂಬ ಅರ್ಥದ ಉತ್ತರ ಕೊಟ್ಟವರು ವೋಲ್ಫ್. ಆ “ಇಲ್ಲ” ಎಂಬುದನ್ನು ಮೊದಲು ಹೇಳಿದ್ದಕ್ಕೇ ಅವರ ಮುಂದಿನ ಮಾತಿಗೆ ಬೆಲೆ ಬಂತೆಂಬುದು ನನ್ನ ಅಭಿಪ್ರಾಯ, ಮಾಷ್ಟ್ರೂ ಒಪ್ಪಿದ್ದರು.

ಇಂದಿನ ಮಕ್ಕಳಿಗೆ ಮೌಲ್ಯಶಿಕ್ಷಣವೆಂಬ ಪ್ರತ್ಯೇಕ ಪುಸ್ತಕವೇ ಇದೆ, ಭಿತ್ತಿಪತ್ರ ಸ್ಪರ್ಧೆಗಳಿವೆ. ಆದರೆ ಎರಡು ಡಿವಿಜನ್ನಿನವರು ಸರಿಯಾಗಿ ಜಗಳವಾಡುವಷ್ಟು ಹತ್ತಿರವೂ ಬರುವುದಿಲ್ಲ. ಗಡಿಯ ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳುಹಿಸಿದಾಗ ಮುಷ್ಕರ, ಮನವಿಗಳಾಗುತ್ತವೆ, ಆಗಬೇಕಾದದ್ದೇ. ಮಲಯಾಳದ ಗೆಳೆಯರ ಮುಂದೆ ಈ ಅನ್ಯಾಯವನ್ನು ಅವರದೇ ಭಾಷೆಯಲ್ಲಿ ವಿವರಿಸಬಲ್ಲ ಹುಡುಗರು ನಮ್ಮಲ್ಲಿ ಎಷ್ಟು ಮಂದಿ ಉಳಿದಿದ್ದಾರೆ?

ಸಂತಾಪಸಭೆಯಲ್ಲಿ ಅಂದಿನ ಅರಸ ಕನ್ನಡದಲ್ಲಿ ಮಾತನಾಡಿದರು, ನಾನು ಮಲಯಾಳದಲ್ಲಿ. ನನ್ನದೇ ಹೆಚ್ಚು ಶುದ್ಧವಾಗಿತ್ತೆಂದು ಹಲವರು ಹೇಳಿದರು. ಮಾಷ್ಟ್ರ ಪುಸ್ತಕಗಳನ್ನು ಮನೆಯವರು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಸಮರ್ಥರ ಬರಹಗಳೂ ಅದರಲ್ಲಿವೆ. ಆ ಕಪಾಟಿನ ಬೀಗದ ಕೈ ಕಚೇರಿಯ ಮೇಜಿನೊಳಗೆ ಉಳಿಯದೆ ಮಕ್ಕಳ ಕೈಗೂ ಸಿಗುವಂತಾಗಲೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿಸಿದ್ದೇನೆ. ಇಲ್ಲಿ ಮತ್ತೊಮ್ಮೆ ವಿನಂತಿಸುತ್ತೇನೆ.