ಮಣ್ಣು ಕಚ್ಚದ ಗುದ್ದಲಿ

"ಮಣ್ಣು ಕಚ್ಚಾಕಿಲ್ಲ ಕನಪ್ಪ ಇದು, ನೆಲ ಕೆರೀತದೆ ಅಷ್ಟೆಯ."

ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ, ಮೂವತ್ತು ನಲವತ್ತರ ಖಾಲಿ ಸೈಟಿನ ನಡುವೆ ನಿಂತು, ಅರವತ್ತು ದಾಟಿದ ತಾಯಿಯೊಬ್ಬರು ಮೊನ್ನೆ ಭಾನುವಾರ ಬೆಳಿಗ್ಗೆ ಮಗನಿಗೆ ಹೇಳಿದ ಮಾತಿದು. ಪಾಂಡವಪುರದ ಕಡೆಯವರು. ಮಗನ ಮನೆಗೆ ಬಂದ ಮೇಲೂ ಕೈ ಸುಮ್ಮನಿರದೆ, ಪಕ್ಕದ ಸೈಟಿನ ಪಾರ್ಥೇನಿಯಂ ಕಿತ್ತು ದಂಟು, ಕೀರೆ, ಮೆಂತ್ಯ ಹಾಕಿಕೊಂಡಿದ್ದಾರೆ. ಸೊಂಟ ನೋವು ಅಂದಿದ್ದಕ್ಕೆ ಮಗ ಮೊಬೈಲಿನಲ್ಲಿ ಏನೋ ನೋಡಿ, ಅವರ ಹಳೆಯ ಗುದ್ದಲಿಯ ಎರಡೂವರೆ ಅಡಿ ಕಾವು ತೆಗೆಸಿ ಐದಡಿಯ ಸರ್ವೆ ಕಾವು ಹಾಕಿಸಿ ತಂದಿದ್ದ. ತಾಯಿಯ ಮಾತಿಗೆ ಅವನ ಉತ್ತರ: "ಅಭ್ಯಾಸ ಆದ್ರೆ ಸರಿ ಹೋಯ್ತದೆ ಕನವ್ವ." ತಾಯಿ ಮತ್ತೆ ಬಾಯಿ ಬಿಡಲಿಲ್ಲ. ಗುದ್ದಲಿಯನ್ನು ಕಾಂಪೌಂಡಿಗೆ ಒರಗಿಸಿ, ಕುಡುಗೋಲು ಹಿಡಿದು ಕೂತರು.

ಒಳ್ಳೆಯ ಹುಡುಗ. ತಾಯಿ ನೋವು ಅಂದಾಗ "ಮಾಡಬೇಡ ಬಿಡು, ಸೊಪ್ಪು ಐವತ್ತು ರೂಪಾಯಿಗೆ ಬರುತ್ತೆ" ಅನ್ನುವ ಮಕ್ಕಳೇ ಹೆಚ್ಚಿರುವಾಗ, ಇವನು ಉಪಕರಣ ಬದಲಿಸಲು ಹೊರಟ. ಆದರೆ ನಲವತ್ತು ವರ್ಷ ಮಣ್ಣಿನೊಂದಿಗೆ ಗೇಯ್ದವರು ಒಂದು ಸಾಲಿನಲ್ಲಿ ದೋಷವನ್ನು ಕರಾರುವಾಕ್ಕಾಗಿ ಹೇಳಿದರೆ, ಅದನ್ನು ಹಟ ಅಂತ ತಿಳಿದುಕೊಂಡ.

ಆ ಗುದ್ದಲಿ ನಿಜಕ್ಕೂ ಮಣ್ಣು ಕಚ್ಚುವುದಿಲ್ಲ. ನಮ್ಮ ಗುದ್ದಲಿಯ ಅಲಗಿಗೂ ಕಾವಿಗೂ ನಡುವೆ ಸುಮಾರು 70 ಡಿಗ್ರಿ ಕೋನ. ಬಗ್ಗಿ ಅಗೆಯುವಾಗ ಏಟು ಬೀಳುವ ಹೊತ್ತಿಗೆ ಕೈ ನೆಲಕ್ಕೆ ಹತ್ತಿರ ಇರುತ್ತದೆ, ಕಾವು ಹೆಚ್ಚುಕಮ್ಮಿ ಮಲಗಿರುತ್ತದೆ. ಆಗ ಅಲಗು 50 ಡಿಗ್ರಿಗಿಂತ ಕಡಿದಾಗಿ ನೆಲಕ್ಕೆ ಇಳಿಯುತ್ತದೆ. ಅದೇ ಅಲಗಿಗೆ ಐದಡಿ ಕಾವು ಹಾಕಿ ನೆಟ್ಟಗೆ ನಿಂತರೆ ಕೈ ಮೂರಡಿ ಎತ್ತರದಲ್ಲಿ. ಕಾವು 35-40 ಡಿಗ್ರಿ ಓರೆಯಾಗುತ್ತದೆ, ಅಲಗು ಅಷ್ಟೇ ಮಲಗಿ 30 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಆಮೇಲೆ ಎಷ್ಟು ಬಲ ಹಾಕಿದರೂ ಅದು ಮೇಲ್ಮಣ್ಣನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ತಾಯಿ ಹೇಳಿದ್ದು ಇದನ್ನೇ, ಅಕ್ಷರಶಃ. ಎಷ್ಟು ವರ್ಷ ಅಭ್ಯಾಸ ಮಾಡಿದರೂ ಕೋನ ಬದಲಾಗುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ. ಕುಲುಮೆಗೆ ಒಯ್ದು ಅಲಗಿನ ಕತ್ತನ್ನು ಮಾತ್ರ ಕೆಂಪಗೆ ಕಾಯಿಸಿ, ಕೋನವನ್ನು 90 ಡಿಗ್ರಿಯವರೆಗೆ ಬಿಡಿಸಬೇಕು. ಅಲಗಿನ ಬಾಯಿಗೆ ಬಿಸಿ ತಾಗಬಾರದು. ತಾಗಿದರೆ ಉಕ್ಕಿನ ಹದ ಹೋಗಿ ಎರಡೇ ದಿನಕ್ಕೆ ಮೊಂಡಾಗುತ್ತದೆ. ಬಾಯಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡು ಕಾಯಿಸಿದರಾಯಿತು. ಇದು ಬಡಿದು ಮಾಡಿದ ಗುದ್ದಲಿಗೆ ಸರಿ. ಅಂಗಡಿಯಲ್ಲಿ ಸಿಗುವ, ತಗಡು ಕತ್ತರಿಸಿ ಕಾವು ತೂರಿಸುವ ಬಳೆ ವೆಲ್ಡ್ ಮಾಡಿದ ಅಗ್ಗದ ಗುದ್ದಲಿಯಾದರೆ ಬಿಡಿಸುವಾಗ ವೆಲ್ಡಿಂಗೇ ಬಿಟ್ಟುಕೊಳ್ಳುತ್ತದೆ. ಕಾವಿನ ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು ಇರಲಿ. ಸಣ್ಣ ಕೈಯವರಿಗೆ ಒಂದೂಕಾಲೇ ಸರಿ. ಮುಷ್ಟಿಗೆ ಸಿಗದ ದಪ್ಪ ಕಾವನ್ನು ಬಿಗಿಹಿಡಿದೇ ಮುಂಗೈ ನೋಯುತ್ತದೆ. ಉದ್ದ, ಪಕ್ಕದಲ್ಲಿ ನಿಲ್ಲಿಸಿದರೆ ಭುಜದಿಂದ ಗದ್ದದವರೆಗೆ ಬರುವಷ್ಟು. ಕಾವು ಸಡಿಲವಾದರೆ ನೀರಿನಲ್ಲಿ ನೆನೆಹಾಕುವ ಅಭ್ಯಾಸವೊಂದಿದೆ, ಅದು ಆ ದಿನಕ್ಕಷ್ಟೆ. ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಗಟ್ಟಿ ಜಾಲಿಯ ಬೆಣೆ ಬಡಿಯಿರಿ, ವರ್ಷಕ್ಕೆರಡು ಸಲ ಕಾವಿಗೆ ಅಗಸೆ ಎಣ್ಣೆ ಉಜ್ಜಿ.

ಇಷ್ಟಾದರೂ ಉದ್ದ ಕಾವಿನ ಗುದ್ದಲಿ ಕಳೆ ತೆಗೆಯಲು, ಸಾಲು ಎಳೆಯಲು, ಮಣ್ಣು ಏರಿಸಲು. ಹೊಸ ನೆಲ ಅಗೆಯಲು ಅದು ಸಾಧನವೇ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಸೊಂಟ ಹಿಡಿಯುವುದು ಕಳೆ ಕೀಳುವಾಗ ಮಾತ್ರವಲ್ಲ, ಅಗೆದು ಎತ್ತಿ ಮಗುಚುವಾಗ ಇನ್ನೂ ಹೆಚ್ಚು. ಹತ್ತಡಿ ಉದ್ದ, ನಾಲ್ಕಡಿ ಅಗಲದ ಒಂದೇ ಮಡಿಯನ್ನು ಮುಕ್ಕಾಲು ಅಡಿ ಆಳ ಅಗೆದರೆ 30 ಘನ ಅಡಿ ಮಣ್ಣು. ತೂಕ ಒಂದೂಕಾಲು ಟನ್ನಿನ ಹತ್ತಿರ. ಏಟಿಗೆ ನಾಲ್ಕು ಕಿಲೋದಂತೆ ಎತ್ತಿದರೂ ಮುನ್ನೂರು ಸಲ ಬಗ್ಗಿ, ತಿರುಚಿ, ಎತ್ತಬೇಕು. ಬೆನ್ನು ಬಗ್ಗಿಸಿ ಭಾರ ಹಿಡಿದು ಸೊಂಟ ತಿರುಗಿಸುವುದು, ಡಿಸ್ಕಿಗೆ ಇದಕ್ಕಿಂತ ಕೆಟ್ಟ ಭಂಗಿ ಇಲ್ಲ. ಸೊಪ್ಪಿನ ಮೂರು ಮಡಿ ಅಂದರೆ ಒಂದು ಚಿಕ್ಕ ಲಾರಿ ಲೋಡು, ಅರವತ್ತರ ಹೆಂಗಸಿನ ಬೆನ್ನಿನ ಮೇಲೆ.

ಇದಕ್ಕಿರುವ ಉಪಾಯ ಮಣ್ಣನ್ನು ಎತ್ತದೆಯೇ ಸಡಿಲಿಸುವುದು. ಬ್ರಾಡ್‌ಫೋರ್ಕ್ ಅನ್ನುವ ಎರಡು ಹಿಡಿಯ ಅಗಲ ಮುಳ್ಳಿನ ಉಪಕರಣ ಇರುವುದೇ ಅದಕ್ಕೆ. ಫ್ರಾನ್ಸಿನಲ್ಲಿ ಆಂದ್ರೆ ಗ್ರೆಲಾನ್ ಎಂಬಾತ 1960ರ ದಶಕದಲ್ಲಿ ಬಳಕೆಗೆ ತಂದದ್ದು. ಅಲ್ಲಿ ಇವತ್ತಿಗೂ ಅವನ ಹೆಸರಿನಿಂದಲೇ ಗ್ರೆಲಿನೆಟ್ ಅನ್ನುತ್ತಾರೆ. ಎರಡಡಿ ಅಗಲದ ಅಡ್ಡಪಟ್ಟಿ, ಅದಕ್ಕೆ ಹತ್ತಿಂಚು ಉದ್ದದ ಐದು ಮುಳ್ಳು, ಎರಡು ತುದಿಗೂ ನಾಲ್ಕಡಿಯ ಹಿಡಿ. ಮುಳ್ಳನ್ನು ನೆಲಕ್ಕಿಟ್ಟು ಪಟ್ಟಿಯ ಮೇಲೆ ಕಾಲಿಟ್ಟು ಮೈಭಾರ ಬಿಡಬೇಕು. ಮುಳ್ಳು ಇಳಿದ ಮೇಲೆ ಎರಡು ಹಿಡಿಯನ್ನೂ ಎದೆಯ ಕಡೆಗೆ ಎಳೆದುಕೊಳ್ಳುತ್ತ ಹಿಂದಕ್ಕೆ ಒರಗಬೇಕು. ಮಣ್ಣು ಒಳಗೇ ಬಿರಿಯುತ್ತದೆ. ಅರ್ಧ ಅಡಿ ಹಿಂದೆ ಸರಿದು ಮತ್ತೆ ಅದೇ. ಹತ್ತಡಿ ಮಡಿಗೆ ಎರಡು ಪಟ್ಟಿಯಾಗಿ ನಲವತ್ತು ಒತ್ತು, ಅಷ್ಟೆ. ಒಂದು ಮುಷ್ಟಿ ಮಣ್ಣನ್ನೂ ಎತ್ತುವುದಿಲ್ಲ. ಎರೆಹುಳುವೂ ಉಳಿಯುತ್ತದೆ, ಆಳದ ಕಳೆಬೀಜ ಮೇಲಕ್ಕೂ ಬರುವುದಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು, ಮಾಡಿಸುವವರೂ ಇದ್ದಾರೆ. ಹಾಳಾಗುವುದು ಮುಳ್ಳಿನಲ್ಲಿ. ಕಟ್ಟಡದ ಕಂಬಿ ಕತ್ತರಿಸಿ ಹಾಕಿದರೆ ನಮ್ಮ ಕೆಂಪು ಮಣ್ಣಿನ ಕಲ್ಲಿಗೆ ತಾಗಿ ಮೊದಲ ವಾರವೇ ಬಾಗುತ್ತದೆ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟೆಯಿಂದ ಸೀಳಿದ ಮುಳ್ಳು ಬಾಗುವುದಿಲ್ಲ, ಆದರೆ ತಣ್ಣಗಿರುವಾಗಲೇ ವೆಲ್ಡ್ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಗಾಜಿನ ಹಾಗೆ ಮುರಿಯುತ್ತದೆ. ಮೊದಲು ಕಾಯಿಸಿ ವೆಲ್ಡ್ ಮಾಡಿ, ಬೂದಿಯಲ್ಲಿ ಹೂತಿಟ್ಟು ನಿಧಾನವಾಗಿ ಆರಲು ಬಿಡಬೇಕು. ಇಲ್ಲವೇ ಬೋಲ್ಟ್ ಹಾಕಿಸಿ. ಮುರಿದರೆ ಒಂದೇ ಮುಳ್ಳು ಬದಲಿಸಬಹುದು. ಹಿಡಿಗೆ ಒಂದೂಕಾಲು ಇಂಚಿನ ಜಿಐ ಪೈಪು ಸಾಕು. ಎರಡಡಿ ಅಗಲದ್ದು ಗಂಡಾಳಿಗೆ. ಹೆಂಗಸರಿಗೆ, ವಯಸ್ಸಾದವರಿಗೆ ನಾಲ್ಕು ಮುಳ್ಳಿನ ಒಂದೂವರೆ ಅಡಿಯದ್ದೇ ಲೇಸು. ಮಡಿಗೆ ಇನ್ನೊಂದಿಪ್ಪತ್ತು ಒತ್ತು ಹೆಚ್ಚಾಗುತ್ತದೆ, ಆಗಲಿ.

ಗರಿಕೆ ಹಬ್ಬಿದ ನೆಲದಲ್ಲಿ ಇದನ್ನು ನೆಚ್ಚಬೇಡಿ. ಗರಿಕೆ, ಕೊನ್ನಾರಿ ಇದ್ದರೆ ಮೊದಲು ಬೇರು ಸಮೇತ ತೆಗೆಯಲೇಬೇಕು. ಅದಕ್ಕೆ ಹಾರೆಯೋ ಪಿಕಾಸಿಯೋ, ಕೂಲಿಯವರೊಬ್ಬರೋ ಬೇಕು.

ಮತ್ತೆ ಹದ. ಒಣ ಕೆಂಪು ಮಣ್ಣಿಗೆ ಯಾವ ಉಪಕರಣವೂ ಒಂದೇ, ಎಲ್ಲವೂ ಪುಟಿದು ಮಣಿಕಟ್ಟಿಗೆ ಏಟು ಕೊಡುತ್ತವೆ. ಎರಡು ದಿನ ಮುಂಚೆ ನೀರು ಕಟ್ಟಿ ಬಿಡಿ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ, ಸೊಂಟದೆತ್ತರದಿಂದ ಬಿಟ್ಟಾಗ ಉಂಡೆ ಒಡೆದರೆ ಹದ. ಚಪ್ಪಟೆಯಾಗಿ ಕೂತರೆ ಇನ್ನೊಂದು ದಿನ ಕಾಯಿರಿ. ಅಲಗನ್ನು ಕೆಲಸಕ್ಕೆ ಮುಂಚೆ ಅರದಿಂದ ಒಳಮೈಗೆ ಮಾತ್ರ ನಾಲ್ಕು ಸಲ ಉಜ್ಜಿ. ಮೊಂಡು ಗುದ್ದಲಿ ಕೇಳುವ ಬಲವನ್ನೆಲ್ಲ ಕೊಡುವುದು ಸೊಂಟವೇ.

ಆ ತಾಯಿ ಬಾಯಿ ಮುಚ್ಚಿದ ಗಳಿಗೆ ಮತ್ತೆ ಮತ್ತೆ ಕಣ್ಣೆದುರು ಬರುತ್ತಿದೆ. ದೋಷ ಗುರುತಿಸಿದವರು ಅವರು, ಮಾತು ಸೋತವರೂ ಅವರೇ. ಸೊಂಟ ಮುರಿದರೂ ಹೆಣ್ಣು ಬಗ್ಗಿ ಗೇಯುವುದೇ ಸಹಜ ಅಂದುಕೊಂಡ ನಮ್ಮ ಊರುಗಳಲ್ಲಿ, ಉಪಕರಣ ಸರಿಯಿಲ್ಲ ಅಂದ ಹೆಣ್ಣನ್ನು ಕೇಳಿದವರು ಕಡಿಮೆ. ನಾಟಿ, ಕಳೆ, ರಾಗಿ ಕೊಯ್ಲು, ಬಗ್ಗುವ ಕೆಲಸವೆಲ್ಲ ಹೆಂಗಸರದ್ದು. ಮಂಡ್ಯದ ಗದ್ದೆಗಳಿಗೆ ಕೋನೋ ವೀಡರ್ ಅನ್ನುವ ಕಳೆ ತೆಗೆಯುವ ಸಾಧನ ಬಂದಾಗ, ನಿಂತು ತಳ್ಳುವ ಕೆಲಸವಾದ್ದರಿಂದ ಅದನ್ನು ಹಿಡಿದವರು ಎಷ್ಟೋ ಕಡೆ ಗಂಡಸರು. ಇದು ಯಾರೂ ಗಮನಿಸದೆ ಆದದ್ದಲ್ಲ, ಗಮನಿಸಿಯೂ ಬಿಟ್ಟದ್ದು.

ಬಗ್ಗುವುದನ್ನೇ ದುಡಿಮೆಯ ಅಳತೆ ಮಾಡಿಕೊಂಡದ್ದು ನಾವು ಮಾತ್ರವೂ ಅಲ್ಲ. ಕ್ಯಾಲಿಫೋರ್ನಿಯಾದ ಸೊಪ್ಪು, ಬೀಟು ಹೊಲಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳ ಕೈಗೆ ಒಂದು, ಒಂದೂವರೆ ಅಡಿ ಕಾವಿನ ಗುದ್ದಲಿ ಕೊಡುತ್ತಿದ್ದರು. ಎಲ್ ಕೊರ್ತಿತೊ ಅಂತ ಅದರ ಹೆಸರು. ಉದ್ದ ಕಾವಾದರೆ ಬೆಳೆಗೆ ಏಟು ಬೀಳುತ್ತದೆ ಅನ್ನುವುದು ಮಾಲೀಕರ ವಾದ. ಯಾರು ಬೆನ್ನು ನೆಟ್ಟಗೆ ಮಾಡಿದರೆಂದು ಮೇಸ್ತ್ರಿಗೆ ದೂರದಿಂದಲೇ ಕಾಣುವುದು ಅದರ ಇನ್ನೊಂದು ಅನುಕೂಲ. 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅದಕ್ಕೆ ನಿಷೇಧ ಬಂತು. ಬೆಳೆ ಹಾಳಾಗಲಿಲ್ಲ. ಕಾವಿನ ಉದ್ದ ನ್ಯಾಯಾಲಯದವರೆಗೂ ಹೋಗಬೇಕಾದ ಸಂಗತಿ ಅನ್ನುವುದು ನಮ್ಮಲ್ಲಿ ಇನ್ನೂ ಯಾರಿಗೂ ಹೊಳೆದಿಲ್ಲ.

ಇಲ್ಲಿ ಕೋರ್ಟು ಬೇಡ. ಹಾರ್ಡ್‌ವೇರ್ ಅಂಗಡಿಯವರು ಅಲಗನ್ನು 70ರ ಕೋನದ್ದೂ 90ರ ಕೋನದ್ದೂ ಬೇರೆಬೇರೆ ಇಟ್ಟು, ಕಾವನ್ನು ಕೊಳ್ಳುವವರ ಭುಜಕ್ಕೆ ಹಿಡಿದು ಕತ್ತರಿಸಿ ಕೊಟ್ಟರೆ ಮುಕ್ಕಾಲು ಪಾಲು ಆಯಿತು. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡದೆ ಯಾರೂ ಕೊಳ್ಳುವುದಿಲ್ಲ. ತಾಯಿಗೆ ಗುದ್ದಲಿ ಕೊಳ್ಳುವ ಮಕ್ಕಳು ತಾಯಿಯನ್ನೇ ಅಂಗಡಿಗೆ ಕರೆದೊಯ್ಯಲಿ, ಒಂದು ಮೂಟೆ ಮಣ್ಣಿನ ಮೇಲೆ ಏಟು ಹಾಕಿ ನೋಡಲು ಬಿಡಲಿ, ಬೇಡ ಅಂದರೆ ಏಕೆ ಬೇಡ ಅಂತ ಕೇಳಲಿ. ನೋವು ಸೊಂಟದಿಂದ ಕಾಲಿಗಿಳಿದು ಪಾದ ಜೋಮು ಹಿಡಿಯುತ್ತಿದ್ದರೆ ಮಾತ್ರ ಯಾವ ಕಾವು, ಯಾವ ಮುಳ್ಳೂ ಪರಿಹಾರವಲ್ಲ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಮಡಿ ಒಂದು ಬೆಳೆ ಹಾಗೇ ಇರಲಿ.