ಔಟರ್‌ನಲ್ಲಿ ನಿಂತ ರೈಲು ಸುಮ್ಮನೆ ನಿಂತಿರುವುದಿಲ್ಲ

ಹೋದ ತಿಂಗಳು ಅರಸೀಕೆರೆ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದೆ. ಒಂದು ಸಣ್ಣ ಸ್ಟೇಷನ್ ಬರುವುದಕ್ಕೆ ಸ್ವಲ್ಪ ಮುಂಚೆ, ತೆಂಗಿನ ತೋಟದ ಪಕ್ಕ ಗಾಡಿ ನಿಂತುಬಿಟ್ಟಿತು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಮುಂದಿನಿಂದ ಉದ್ದನೆಯ ಹಾರ್ನ್ ಕೇಳಿಸಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಎದುರು ಸೀಟಿನ ಅಜ್ಜಿ "ಔಟರ್‌ನಲ್ಲಿ ಹಾಕಿಬಿಟ್ರು ನೋಡು, ಡ್ರೈವರ್ ಮಲಗಿದಾನೋ ಏನೋ" ಅಂದರು. ಸುತ್ತ ಇದ್ದವರೆಲ್ಲ ಹೌದು ಹೌದು ಅಂದರು.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಮಲಗಿಲ್ಲ. ಆ ಹಾರ್ನ್ ಕೇಳಿಸ್ತಲ್ಲ, ನಾನಿಲ್ಲಿ ನಿಂತಿದೀನಿ ಅಂತ ಸ್ಟೇಷನ್ ಮಾಸ್ಟರ್‌ಗೆ ಹೇಳ್ತಿರೋದು ಅದು" ಅಂದೆ.

ನಮ್ಮ ಚಿಕ್ಕಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು. ರಜೆಗೆ ಹೋದಾಗೆಲ್ಲ ಅವರ ಪ್ಯಾನೆಲ್, ಅಂದರೆ ಸಿಗ್ನಲ್ ಬಟನ್‌ಗಳ ಹಲಗೆ, ಅದರ ಪಕ್ಕ ಸ್ಟೂಲ್ ಮೇಲೆ ಕೂತು ನೋಡುತ್ತಿದ್ದೆ. ಕೆಲವು ದೇಶಗಳಲ್ಲಿ ಸಿಗ್ನಲ್ ಹಾಕುವುದಕ್ಕೇ ಅಂತ ಒಬ್ಬರು ಬೇರೆ ಇರುತ್ತಾರೆ. ನಮ್ಮ ಹೆಚ್ಚಿನ ಸ್ಟೇಷನ್‌ಗಳಲ್ಲಿ ಆ ಕೆಲಸ ಮಾಸ್ಟರ್‌ದೇ. ನಾವು ಔಟರ್ ಅನ್ನುವುದು ಕೈಮರದ ಕಾಲದಿಂದ ಬಾಯಲ್ಲಿ ಉಳಿದ ಹೆಸರು. ಈಗ ಗಾಡಿ ನಿಲ್ಲುವುದು ಸಾಮಾನ್ಯವಾಗಿ ಹೋಮ್ ಸಿಗ್ನಲ್ ಹತ್ತಿರ, ಅಂದರೆ ಸ್ಟೇಷನ್ ಒಳಗೆ ಬಿಡುವ ಸಿಗ್ನಲ್ ಹತ್ತಿರ. ಒಳಗೆ ಲೈನ್ ಖಾಲಿ ಇಲ್ಲದಿರಬಹುದು, ಎದುರಿನ ಗಾಡಿಯ ಜೊತೆ ಕ್ರಾಸಿಂಗ್ ಇರಬಹುದು, ರಸ್ತೆಯ ಗೇಟ್ ಮುಚ್ಚದೆ ಇರಬಹುದು. ಗೇಟ್ ಬೀಗ ಬೀಳುವ ತನಕ ಸಿಗ್ನಲ್ ಬರದ ಹಾಗೆ ಎರಡನ್ನೂ ಕಟ್ಟಿಹಾಕಿರುವ ಕಡೆ ಮಾಸ್ಟರ್ ಎಷ್ಟು ಬಟನ್ ಒತ್ತಿದರೂ ದೀಪ ಕೆಂಪೇ. ಆದರೆ ಇದ್ಯಾವುದೂ ಎಂಜಿನ್‌ನಲ್ಲಿ ಕೂತವರ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಕಾಣುವುದು ಒಂದು ಕೆಂಪು ದೀಪ ಮಾತ್ರ.

ಹಾರ್ನ್ ಹಳೆಯ ಭಾಷೆ. ಈಗ ಜಾಸ್ತಿ ಕೆಲಸ ವಾಕಿಟಾಕಿಯಲ್ಲಿ. ಲೋಕೊ ಪೈಲಟ್ ಮತ್ತು ಗಾರ್ಡ್ ಕೈಯಲ್ಲಿ 5 ವಾಟ್‌ನ ಚಿಕ್ಕ ಸೆಟ್, ಸ್ಟೇಷನ್‌ನಲ್ಲಿ 25 ವಾಟ್‌ನ ದೊಡ್ಡದು. "ಮಾಸ್ಟರೇ, ಹೋಮ್‌ನಲ್ಲಿ ನಿಂತಿದೀನಿ" ಅಂತ ಒಂದು ದನಿ ಗೊರಗೊರ ಅನ್ನುತ್ತಾ ಬರುತ್ತಿತ್ತು, ಒಬ್ಬರದು ಕನ್ನಡ, ಇನ್ನೊಬ್ಬರದು ತೆಲುಗು ಬೆರೆತ ಹಿಂದಿ. ಚಿಕ್ಕಪ್ಪ ಗಾಡಿ ನಂಬರ್ ಹೇಳಿ, ಯಾಕೆ ನಿಲ್ಲಿಸಿದ್ದೇನೆ ಅಂತ ಒಂದೇ ಮಾತಲ್ಲಿ ತಿಳಿಸುತ್ತಿದ್ದರು. ಯಾರ ಮೇಲೂ ರೇಗಿದ್ದು ನಾನು ನೋಡಿಲ್ಲ.

ಇಲ್ಲೊಂದು ವಿಷಯ ಇದೆ, ನನಗೆ ತುಂಬ ಇಷ್ಟ. "ಸಿಗ್ನಲ್ ಕೊಡ್ತಿದೀನಿ, ಬನ್ನಿ" ಅಂತ ಮಾಸ್ಟರ್ ಹೇಳಿದರೂ ಡ್ರೈವರ್ ಬರುವ ಹಾಗಿಲ್ಲ. ದೀಪ ಬದಲಾಗಿದ್ದನ್ನು ಕಣ್ಣಾರೆ ನೋಡಬೇಕು. ಅವರೂ ಜೊತೆಗಿರುವ ಅಸಿಸ್ಟೆಂಟ್ ಡ್ರೈವರೂ ಒಬ್ಬರಿಗೊಬ್ಬರು ಅದನ್ನು ಜೋರಾಗಿ ಹೇಳಿಕೊಳ್ಳಬೇಕು. ಆಮೇಲೆ ಗಾಡಿ ಹೊರಡುವುದು.

ಸಿಗ್ನಲ್ಲೇ ಕೆಟ್ಟಿದ್ದರೆ? ಆಗ ಬರಹ ಬೇಕು. ಟಿ/369(3ಬಿ) ಅನ್ನುವ ಫಾರ್ಮ್ ಇದೆ. ಕೆಂಪು ದಾಟಲು ಮಾಸ್ಟರ್ ಸಹಿ ಹಾಕಿ ಕೊಡುವ ಅನುಮತಿ ಅದು. ರಾತ್ರಿ ಮಳೆಯಲ್ಲಿ ಸ್ಟೇಷನ್ನಿನ ಸಹಾಯಕ ಪಾಯಿಂಟ್ಸ್‌ಮನ್ ಆ ಕಾಗದವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಟಾರ್ಚ್ ಹಿಡಿದು, ಜಲ್ಲಿ ಮೇಲೆ ಎಡವುತ್ತಾ ಎಂಜಿನ್ ತನಕ ನಡೆದು ಹೋಗುವುದನ್ನು ನಾನು ನೋಡಿದ್ದೇನೆ. ಕೆಲವು ಸಿಗ್ನಲ್ ಕಂಬಗಳಲ್ಲಿ ಫೋನ್ ಇರುತ್ತದೆ. ಅಲ್ಲಿ ಬಾಯಿಮಾತಿನ ಅನುಮತಿ ಸಾಕು, ಆದರೆ ಜೊತೆಗೆ ಪ್ರೈವೇಟ್ ನಂಬರ್ ಬೇಕು, ಮಾತಿಗೆ ಸಹಿ ಇದ್ದ ಹಾಗೆ. ಚಿಕ್ಕಪ್ಪನ ಮೇಜಿನ ಮೇಲೆ ಎರಡಂಕಿಯ ಸಂಖ್ಯೆಗಳ ಹಾಳೆ ಇರುತ್ತಿತ್ತು, ಕ್ರಮವಿಲ್ಲದೆ ಅಚ್ಚಾದದ್ದು. ಒಂದನ್ನು "ನಾಲ್ಕು, ಏಳು" ಅಂತ ಬಿಡಿಬಿಡಿಯಾಗಿ ಹೇಳಿ, ಆ ಕಡೆಯವರು ತಿರುಗಿ ಹೇಳಿದ ಮೇಲೆ ಹೊಡೆದುಹಾಕಿ ಪಕ್ಕದಲ್ಲಿ ಗಾಡಿ ನಂಬರ್, ಸಮಯ ಬರೆಯುತ್ತಿದ್ದರು.

ಇಷ್ಟೆಲ್ಲ ಯಾಕೆ ಅಂದರೆ, ನಿಂತ ಗಾಡಿಗೆ ಇರುವ ದೊಡ್ಡ ಅಪಾಯ ಅದನ್ನು ಮರೆತುಬಿಡುವುದು. 1910ರ ಡಿಸೆಂಬರ್ 24ರ ಬೆಳಗಿನ ಜಾವ ಉತ್ತರ ಇಂಗ್ಲೆಂಡಿನ ಹಾಸ್ ಜಂಕ್ಷನ್‌ನಲ್ಲಿ ಬೋಗಿಗಳಿಲ್ಲದ ಎರಡು ಎಂಜಿನ್‌ಗಳು ಜೊತೆಯಾಗಿ ಸಿಗ್ನಲ್‌ಗೆ ಕಾಯುತ್ತಿದ್ದವು. ಕೆಲಸದ ಗಡಿಬಿಡಿಯಲ್ಲಿ ಸಿಗ್ನಲ್‌ಮನ್ ಅವನ್ನು ಮರೆತರು. ಹಿಂದಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಕೊಟ್ಟರು. ಎಂಜಿನ್‌ನವರು ಅದು ತಮಗೇ ಅಂದುಕೊಂಡು ಹೊರಟರು, ಎಕ್ಸ್‌ಪ್ರೆಸ್ ಹಿಂದಿನಿಂದ ಬಂದು ಬಡಿಯಿತು. 12 ಜನ ಸತ್ತರು. ಕೆಲವೇ ನಿಮಿಷ ಕಾದು, ಎಂಜಿನ್‌ನವರಲ್ಲಿ ಒಬ್ಬರು ಸಿಗ್ನಲ್‌ಮನ್ ಇರುವ ಕ್ಯಾಬಿನ್‌ಗೆ ನಡೆದು ಹೋಗಿ ನೆನಪಿಸಬೇಕು ಅಂತ ಅಲ್ಲಿನ 55ನೇ ನಿಯಮ ಹೇಳುತ್ತಿತ್ತು. ಅವತ್ತು ಯಾರೂ ಹೋಗಿರಲಿಲ್ಲ. ನಮ್ಮಲ್ಲೂ ಜಾಸ್ತಿ ಹೊತ್ತು ನಿಲ್ಲಿಸಿದರೆ ಅಸಿಸ್ಟೆಂಟನ್ನು ಸ್ಟೇಷನ್‌ಗೆ ಕಳಿಸುವ ನಿಯಮ ಇದೆ.

ಹಳೆಯ ಕಥೆ ಅನ್ನಬೇಡಿ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಅದು ಆಟೊಮ್ಯಾಟಿಕ್ ಸಿಗ್ನಲ್ ಇರುವ ಮಾರ್ಗ, ಗಾಡಿ ಸಾಗಿದ ಹಾಗೆ ದೀಪ ತಾನೇ ಬದಲಾಗುತ್ತದೆ. ಅಂಥ ಕಡೆ ಕೆಂಪಿದ್ದರೆ ಹಗಲಲ್ಲಿ ಒಂದು ನಿಮಿಷ, ರಾತ್ರಿ ಎರಡು ನಿಮಿಷ ನಿಂತು, ಆಮೇಲೆ ದಾರಿ ಚೆನ್ನಾಗಿ ಕಂಡರೂ ಗಂಟೆಗೆ 15 ಕಿಲೋಮೀಟರ್ ಮೀರದ ಹಾಗೆ ಹುಷಾರಾಗಿ ಹೋಗಬೇಕು. ಅವತ್ತು ಬೆಳಗಿನಿಂದ ಸಿಗ್ನಲ್‌ಗಳೇ ಕೆಟ್ಟಿದ್ದವು. ಎರಡೂ ಗಾಡಿಗೆ ಕೆಂಪು ದಾಟಲು ಟಿ/ಎ 912 ಅನ್ನುವ ಅನುಮತಿ ಕಾಗದ ಕೊಟ್ಟಿದ್ದರು. ಅದರಲ್ಲಿ ಎಷ್ಟು ವೇಗ ಅಂತ ಬರೆದಿರಲಿಲ್ಲ. ಕಾಂಚನಜುಂಗಾದವರು ನಿಧಾನಕ್ಕೆ, ಪ್ರತಿ ಸಿಗ್ನಲ್‌ನಲ್ಲೂ ನಿಂತು ಹೋಗುತ್ತಿದ್ದರು. ಗೂಡ್ಸ್‌ನವರು ಅದೇ ಕಾಗದವನ್ನು ಬೇರೆ ಥರ ಅರ್ಥ ಮಾಡಿಕೊಂಡಂತಿದೆ. ಸಿಬ್ಬಂದಿಗೆ ಸರಿಯಾದ ತಿಳಿವಳಿಕೆ ಕೊಟ್ಟಿರಲಿಲ್ಲ ಅಂತ ತನಿಖೆಯೂ ಹೇಳಿತು. ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. ಒಂದು ಸಾಲು ಜಾಸ್ತಿ ಬರೆದಿದ್ದರೆ ಸಾಕಿತ್ತಲ್ವಾ?

ಗಾಡಿಗಳು ಡಿಕ್ಕಿಯಾಗದಂತೆ ತಡೆಯುವ ಕವಚ್ ವ್ಯವಸ್ಥೆ ಬರುತ್ತಿದೆ, ಬೀದರ್–ಪರಳಿ–ಪರಭಣಿ ಮಾರ್ಗ ಮೊದಲು ಅದನ್ನು ಕಂಡ ದಾರಿಗಳಲ್ಲಿ ಒಂದು. ಸಿಗ್ನಲ್ ಬಣ್ಣ ಎಂಜಿನ್ ಒಳಗೇ ಕಾಣುತ್ತದೆ, ಕೆಂಪು ದಾಟಲು ಹೊರಟರೆ ಬ್ರೇಕ್ ತಾನೇ ಬೀಳುತ್ತದೆ. ಬೇಗ ಎಲ್ಲ ಕಡೆ ಬರಲಿ. ಆದರೂ ನಿಂತ ಗಾಡಿಯವರು ಕೇಳಿದಾಗ ಆ ಕಡೆಯಿಂದ ಒಬ್ಬರು ಉತ್ತರ ಕೊಡಲೇಬೇಕು.

ಅವತ್ತು ಇಪ್ಪತ್ತೆರಡನೇ ನಿಮಿಷಕ್ಕೆ ನಮ್ಮ ಗಾಡಿ ಜಗ್ಗಿ ಹೊರಟಿತು. ಆ ಸ್ಟೇಷನ್‌ನಲ್ಲಿ ನಿಲ್ಲದೆ ನಿಧಾನಕ್ಕೆ ದಾಟುವಾಗ ಬಿಳಿ ಸಮವಸ್ತ್ರದವರೊಬ್ಬರು ಬಾಗಿಲ ಮುಂದೆ ಹಸಿರು ಬಾವುಟ ಹಿಡಿದು ನಿಂತಿದ್ದರು. ಅಜ್ಜಿ ಕಿಟಕಿಗೆ ಹಣೆ ಒತ್ತಿ ಹಿಂದೆ ತಿರುಗಿ ನೋಡಿದರು.

"ಹಾರ್ನ್ ಕೇಳಿಸ್ಕೊಂಡೋರು ಇವರೇನಾ?" ಅಂದರು.