ಹಪ್ಪಳ ಸುಡುವ ಮೈಕ್ರೋವೇವ್‌ನ ರಿಪೇರಿ: ಎರಡು ವಾರದ ಟಿಪ್ಪಣಿ

ಜುಲೈ 6, ಭಾನುವಾರ

ಬೇಸಿಗೆಯಲ್ಲಿ ಒಣಗಿಸಿ ಡಬ್ಬಕ್ಕೆ ತುಂಬಿದ ಹಲಸಿನ ಹಪ್ಪಳ ಹೊರಬರುವುದು ಬದಿಯಡ್ಕದ ಈ ಮಳೆಯಲ್ಲೇ. ಎಣ್ಣೆ ಕಡಿಮೆ ಮಾಡಬೇಕೆಂದಾದ ಮೇಲೆ ಅಮ್ಮ ಅದನ್ನು ಮೈಕ್ರೋವೇವ್‌ನಲ್ಲಿ ಸುಡುತ್ತಾಳೆ. ಇವತ್ತು ಎರಡನೆಯ ಹಪ್ಪಳ ತಿರುವಿ ಹಾಕಲು ಬಾಗಿಲು ತೆರೆದಾಗ ಒಳಗೆ ಟಪ್ ಎಂದಿತು. ಆಮೇಲೆ ದೀಪವೂ ಇಲ್ಲ, ಗಡಿಯಾರವೂ ಇಲ್ಲ.

ಪ್ಲಗ್ ಕಿತ್ತು, ಒದ್ದೆ ನೆಲದ ಭಯಕ್ಕೆ ಮಣೆಯ ಮೇಲೆ ಕುಳಿತು ಕವಚ ಬಿಚ್ಚಿದೆ. ಮೊದಲ ಕೆಲಸ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿಟ್ಟುಕೊಳ್ಳಬಲ್ಲ ಕೆಪಾಸಿಟರ್ ಖಾಲಿ ಮಾಡುವುದು. ಇದರ ಮೇಲೆ 2100 ವೋಲ್ಟ್ ಎಂದು ಬರೆದಿದೆ. ಚಾರ್ಜ್ ಇಳಿಸಲು ಒಳಗೊಂದು ರೆಸಿಸ್ಟರ್ ಇರುತ್ತದೆ, ಆದರೆ ಅದು ಕೆಟ್ಟಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಹಿಡಿ ಗಟ್ಟಿಯಿರುವ ಕಡ್ಡಿಗೆ ರೆಸಿಸ್ಟರ್ ಬೆಸೆದು ಮಾಡಿಕೊಂಡ ಉಪಕರಣವನ್ನು ಎರಡು ತುದಿಗಳ ನಡುವೆ ಹಿಡಿದೆ, ಆಮೇಲೆ ಒಂದೊಂದು ತುದಿಯಿಂದ ಕವಚಕ್ಕೆ. ಒಂದು ಕೈ ಜೇಬಿನಲ್ಲೇ ಇತ್ತು.

8 ಆಂಪಿಯರಿನ ಪಿಂಗಾಣಿ ಫ್ಯೂಸ್ ಹೋಗಿದೆ. ಗಾಜಿನದಾಗಿದ್ದರೆ ಕಣ್ಣಿಗೇ ಕಾಣುತ್ತಿತ್ತು; ಇದಕ್ಕೆ ಮೀಟರ್ ಬೇಕು. ಉಳಿದವನ್ನೂ ತಂತಿ ಬಿಚ್ಚಿ ಅಳೆದೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುಮಾರು 2 ಓಮ್, ಸೆಕೆಂಡರಿಯಿಂದ ಕವಚಕ್ಕೆ 108. ಮೈಕ್ರೋವೇವ್ ಹುಟ್ಟಿಸುವ ಮ್ಯಾಗ್ನೆಟ್ರಾನ್‌ನ ಎರಡು ತುದಿಗಳ ನಡುವೆ ಅರ್ಧ ಓಮಿಗಿಂತ ಕಡಿಮೆ, ತುದಿಯಿಂದ ಮೈಗೆ ಸಂಪರ್ಕವೇ ಇಲ್ಲ. ಎರಡೂ ಸರಿ. 1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 0.97 ತೋರಿಸಿತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಮಾತ್ರ ಹೇಗೆ ಹಿಡಿದರೂ, ತಿರುಗಿಸಿ ಹಿಡಿದರೂ, ‘ಓಪನ್’, ಅಂದರೆ ಸಂಪರ್ಕವೇ ಇಲ್ಲ. ಸಿಕ್ಕಿಬಿದ್ದ ಕಳ್ಳ ಎಂದು ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದೆ.

ಜುಲೈ 8

ಕಾಸರಗೋಡಿಗೆ ಹೋಗಿ ಹೊಸ ಡಯೋಡ್, ನಾಲ್ಕು ಫ್ಯೂಸ್ ತಂದೆ. ಅಂಗಡಿಯವರು ಮಲಯಾಳದಲ್ಲಿ ‘ಕಂಡೆನ್ಸರ್ ಬೇಡವೇ?’ ಎಂದು ಎರಡು ಸಲ ಕೇಳಿದರು; ಕೆಪಾಸಿಟರಿಗೇ ಆ ಹೆಸರು. ಅದು ಸರಿಯಿದೆ ಎಂದೆ, ಬಹಳ ಗತ್ತಿನಿಂದ.

ಮನೆಗೆ ಬಂದು ಹೊಸ ಡಯೋಡನ್ನು ಮೀಟರಿಗೆ ಹಿಡಿದರೆ ಅದೂ ಎರಡೂ ಕಡೆ ಓಪನ್! ಹೊಸದೂ ಸತ್ತದ್ದೇ? ಆಗ ಹೊಳೆಯಿತು, ತಪ್ಪು ನನ್ನ ಪರೀಕ್ಷೆಯಲ್ಲಿದೆ. ಈ ಡಯೋಡ್ ಸಾವಿರಾರು ವೋಲ್ಟ್ ತಡೆಯಬೇಕಾದ್ದರಿಂದ ಒಂದೇ ಕವಚದೊಳಗೆ ಹಲವು ಡಯೋಡ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಎಲ್ಲವನ್ನೂ ದಾಟಿ ಕರೆಂಟ್ ಹರಿಯಲು ಹಲವು ವೋಲ್ಟ್ ಬೇಕು. ನನ್ನ ಮೀಟರ್ ಡಯೋಡ್ ಪರೀಕ್ಷೆಗೆ ಕೊಡುವುದು ಮೂರು ವೋಲ್ಟಿಗಿಂತ ಕಡಿಮೆ.

9 ವೋಲ್ಟ್ ಬ್ಯಾಟರಿ, ಡಯೋಡ್, ಮೀಟರ್ ಮೂರನ್ನೂ ಸಾಲಾಗಿ ಜೋಡಿಸಿ, ಮೀಟರನ್ನು ಡಿಸಿ ವೋಲ್ಟಿಗಿಟ್ಟೆ. ಬ್ಯಾಟರಿ ಒಂದೇ 9.2 ಇತ್ತು, ಹಳೆಯ ಡಯೋಡಿನ ಮೂಲಕ 5.6. ತಿರುಗಿಸಿದರೆ ಸೊನ್ನೆ. ಹೊಸದೂ ಹೆಚ್ಚುಕಡಿಮೆ ಹಾಗೆಯೇ. ಅಂದರೆ ಹಳೆಯದು ಗಟ್ಟಿಮುಟ್ಟಾಗಿದೆ. ಅಷ್ಟಕ್ಕೂ ಡಯೋಡ್ ಓಪನ್ ಆಗಿದ್ದರೆ ಓವನ್ ಬಿಸಿಯಾಗುತ್ತಿರಲಿಲ್ಲ, ಅಷ್ಟೇ. ಫ್ಯೂಸ್ ಸುಡಬೇಕಾದರೆ ಅದು ಶಾರ್ಟ್ ಆಗಿರಬೇಕಿತ್ತು. ಭಾನುವಾರವೇ ಇಷ್ಟು ಯೋಚಿಸಿದ್ದರೆ ಬಸ್ಸಿನ ದುಡ್ಡು ಉಳಿಯುತ್ತಿತ್ತು.

ಜುಲೈ 9

ಹಳೆಯ ಡಯೋಡನ್ನೇ ಕೂರಿಸಿ, ಹೊಸ ಫ್ಯೂಸ್ ಹಾಕಿ, ಕವಚ ಮುಚ್ಚಿ ಒಂದು ಲೋಟ ನೀರಿಟ್ಟೆ. ಕುದಿಯಿತು. ಅಮ್ಮ ಹಪ್ಪಳ ಇಟ್ಟಳು. ಬಾಗಿಲು ತೆರೆದಳು. ಟಪ್.

ಎರಡು ಸಲವೂ ಬಾಗಿಲು ತೆರೆದಾಗಲೇ ಹೋಗಿದೆ. ಇಷ್ಟು ದೊಡ್ಡ ಸುಳಿವು ಎದುರಿಗಿರುವಾಗ ನಾನು ಹೈವೋಲ್ಟೇಜ್ ಕಡೆ ಅಲೆಯುತ್ತಿದ್ದೆ.

ಜುಲೈ 13, ಭಾನುವಾರ

ಬಾಗಿಲಿನ ಕೊಕ್ಕೆಗಳ ಹಿಂದೆ ಮೂರು ಮೈಕ್ರೋ ಸ್ವಿಚ್‌ಗಳಿವೆ. ಬಾಗಿಲು ತೆರೆದಾಗ ಎರಡು ಸ್ವಿಚ್‌ಗಳು ಸಂಪರ್ಕ ಕಡಿಯಬೇಕು. ಮೂರನೆಯದು, ಮಾನಿಟರ್ ಸ್ವಿಚ್, ಒಂದು ವಿಚಿತ್ರ ಕಾವಲುಗಾರ: ಬಾಗಿಲು ತೆರೆದಾಗ ಇದು ಸಂಪರ್ಕ ಕೂಡಿಸುತ್ತದೆ. ಉಳಿದವು ಸರಿಯಾಗಿ ಕಡಿದಿದ್ದರೆ ಏನೂ ಆಗುವುದಿಲ್ಲ. ಅಂಟಿಕೊಂಡಿದ್ದರೆ ಲೈನನ್ನೇ ಶಾರ್ಟ್ ಮಾಡಿ ಫ್ಯೂಸ್ ಸುಟ್ಟುಬಿಡುತ್ತದೆ, ಬಾಗಿಲು ತೆರೆದಿರುವಾಗ ಓವನ್ ನಡೆಯಲೇಬಾರದೆಂದು. ಎರಡು ಸಲವೂ ಆ ಟಪ್ ಎಂದಾಗ ಅದು ತನ್ನ ಕೆಲಸವನ್ನೇ ಮಾಡಿತ್ತು.

ತಂತಿ ಬಿಚ್ಚಿ, ಕಡಿಯಬೇಕಾದ ಆ ಎರಡರಲ್ಲಿ ಮುಖ್ಯವಾದ ಪ್ರೈಮರಿ ಸ್ವಿಚ್‌ಗೆ ಮೀಟರ್ ಹಾಕಿದೆ. ಮುಚ್ಚಿದರೆ ಬೀಪ್, ತೆರೆದರೆ ಮೌನ. ಸರಿಯಿದೆ! ಒಂದೇ ಸಲ ನೋಡಿದ್ದರೆ ಇಲ್ಲಿಗೇ ಕೈಬಿಡುತ್ತಿದ್ದೆ. ಡಯೋಡಿನ ಪಾಠ ನೆನಪಿದ್ದುದರಿಂದ ಮತ್ತೆ ಮತ್ತೆ ತೆರೆದು ಮುಚ್ಚಿದೆ. ಏಳನೆಯ ಸಲ ಬಾಗಿಲು ಪೂರ್ತಿ ತೆರೆದರೂ ಬೀಪ್ ನಿಲ್ಲಲಿಲ್ಲ. ಬೆರಳಿನಿಂದ ತಟ್ಟಿದಾಗ ನಿಂತಿತು.

ಸ್ವಿಚ್ಚನ್ನು ಒಡೆದು ನೋಡಿದೆ: ಸಂಪರ್ಕದ ಬಿಂದುಗಳು ಕಪ್ಪಾಗಿ, ಗುಳಿಬಿದ್ದು, ಕರಗಿ ಮತ್ತೆ ಗಟ್ಟಿಯಾದ ಹಾಗಿವೆ. ಓವನ್ ನಡೆಯುತ್ತಿರುವಾಗಲೇ ಬಾಗಿಲು ತೆರೆದರೆ ಹರಿಯುವ ಕರೆಂಟನ್ನು ಕಡಿಯಬೇಕಾದದ್ದು ಇದೇ, ಪ್ರತಿ ಸಲವೂ ಒಂದು ಕಿಡಿ. ಹಪ್ಪಳಕ್ಕೆ ನಲವತ್ತು ಚಿಲ್ಲರೆ ಸೆಕೆಂಡು, ಐದು ಸೆಕೆಂಡು ತಡವಾದರೂ ಕರಕು. ಸ್ಟಾಪ್ ಒತ್ತಿ ಕಾಯುವ ವ್ಯವಧಾನ ಅಮ್ಮನಿಗಿಲ್ಲ.

ಫೋನಿನಲ್ಲಿ ಭಾವ ‘ಆ ಮೂರನೆಯ ಸ್ವಿಚ್ಚಿನ ತಂತಿ ಕಿತ್ತುಬಿಡು, ಫ್ಯೂಸ್ ಹೋಗುವುದಿಲ್ಲ’ ಎಂದರು. ಫ್ಯೂಸ್ ಹೋಗುವುದಿಲ್ಲ, ನಿಜ. ಉಳಿದೆರಡೂ ಸ್ವಿಚ್ ಅಂಟಿಕೊಂಡ ದಿನ ಬಾಗಿಲು ತೆರೆದೂ ನಡೆಯುತ್ತಿರುವ ಓವನ್ ಎದುರು ಅಮ್ಮ ನಿಂತಿರುತ್ತಾಳೆ, ಅಷ್ಟೇ. ಎರಡು ಶಾರ್ಟ್‌ಗಳ ಏಟು ತಿಂದ ಮಾನಿಟರ್ ಸ್ವಿಚ್ಚನ್ನೂ ನಂಬುವಂತಿಲ್ಲ, ಅದನ್ನೂ ಬದಲಿಸಬೇಕು. ಇವು ನೋಡಲು ಒಂದೇ ತರಹ ಇದ್ದರೂ ಒಂದು ಒತ್ತಿದಾಗ ಕೂಡುವಂಥದ್ದು, ಇನ್ನೊಂದು ಒತ್ತಿದಾಗ ಕಡಿಯುವಂಥದ್ದು. ಕೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಹಿಡಿದು ನೋಡಬೇಕು.

ಜುಲೈ 20, ಭಾನುವಾರ

ಹೊಸ ಸ್ವಿಚ್‌ಗಳನ್ನು ಹಾಕಿ ಬಾಗಿಲನ್ನು ಐವತ್ತು ಸಲ ತೆರೆದು ಮುಚ್ಚಿದೆ. ಮುಚ್ಚಿದಾಗ ಬೀಪ್, ತೆರೆದಾಗ ಮೌನ, ಒಮ್ಮೆಯೂ ತಪ್ಪಲಿಲ್ಲ. ಕವಚ ಮುಚ್ಚಿ ನೀರಿನ ಪರೀಕ್ಷೆ: ಒಂದು ಲೀಟರ್ ನೀರು, ಪೂರ್ಣ ಶಕ್ತಿಯಲ್ಲಿ ಎರಡು ನಿಮಿಷ. 27 ಡಿಗ್ರಿಯಿಂದ 46ಕ್ಕೆ ಏರಿತು. ಏರಿದ ಡಿಗ್ರಿಯನ್ನು 35ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ, 665. ಓವನ್ 700 ವ್ಯಾಟಿನದು. ಮ್ಯಾಗ್ನೆಟ್ರಾನ್‌ಗೆ ಇನ್ನೂ ವಯಸ್ಸಾಗಿಲ್ಲ.

ಒಣ ಹಪ್ಪಳ ಒಂದನ್ನೇ ಇಟ್ಟರೆ ಹೀರಿಕೊಳ್ಳಲು ಹೆಚ್ಚೇನೂ ಇಲ್ಲದೆ ಶಕ್ತಿ ಬಹಳಷ್ಟು ಮ್ಯಾಗ್ನೆಟ್ರಾನ್‌ಗೇ ಮರಳುತ್ತದೆ, ಪಕ್ಕದಲ್ಲಿ ಅರ್ಧ ಲೋಟ ನೀರಿಡು ಎಂದೆ. ಅಮ್ಮ ಒಪ್ಪಿದಳು. ಸ್ಟಾಪ್ ಒತ್ತಿ ಬಾಗಿಲು ತೆರೆ ಎಂದುದಕ್ಕೂ ತಲೆಯಾಡಿಸಿದಳು. ನಲವತ್ತಮೂರನೆಯ ಸೆಕೆಂಡಿಗೆ ಬಾಗಿಲನ್ನೇ ಎಳೆದಳು. ಫ್ಯೂಸ್ ಹೋಗಲಿಲ್ಲ, ಹಪ್ಪಳವೂ ಕರಕಾಗಲಿಲ್ಲ. ನಾನು ಎರಡು ಸ್ವಿಚ್ ಹೆಚ್ಚಿಗೇ ತಂದಿಟ್ಟಿದ್ದೇನೆ.